ಅಂಗಳದ ನೀರು ಎಲ್ಲಿಗೆ ಹೋಗಬೇಕು?

"ಗ್ವಾಡಿ ಬಿದ್ದೈತಪ. ಅಜ್ಜಿಗೆ ಏನೂ ಆಗಿಲ್ಲ. ನೀ ಗಾಬರಿ ಆಗಬ್ಯಾಡ."

2024ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ಹನ್ನೊಂದೂವರೆಗೆ ಅಪ್ಪನ ಫೋನು. ನಾನು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ಕಾಲ್ ಮ್ಯೂಟ್ ಮಾಡಿ ಅಪ್ಪನ ಮಾತು ಕೇಳಿಸಿಕೊಂಡೆ. ಅಜ್ಜಿ ಮಲಗುವ ಕೋಣೆಯ ಹಿಂದಿನ ಗೋಡೆ, ನೆಲದಿಂದ ಎರಡಡಿ ಎತ್ತರದವರೆಗೆ ನೆನೆದು ಮೆತ್ತಗಾಗಿ, ಒಂದು ದೊಡ್ಡ ಹೆಂಟೆ ಒಳಗೆ ಕಳಚಿ ಬಿದ್ದಿತ್ತು. ಮಂಚಕ್ಕೂ ಆ ಹೆಂಟೆಗೂ ಒಂದು ಗೇಣು ಅಂತರ. ಅಷ್ಟೇ.

"ಈ ಮನಿ ಸಾಕು. ಕೆಡವಿ ಎರಡು ಆರ್‌ಸಿಸಿ ಕ್ವಾಣಿ ಹಾಕ್ಸೋಣ" ಅಂದ ಅಪ್ಪ. ಹಿಂದಿನಿಂದ ಅಜ್ಜಿಯ ದನಿ ಕೇಳ್ತಿತ್ತು: "ನಾ ಹೋದ ಮ್ಯಾಲೆ ಕೆಡವ್ರಿ."

ನಮ್ಮೂರು ಕೆಂಚನಗುಡ್ಡ. ಸಿರುಗುಪ್ಪ ತಾಲ್ಲೂಕು, ತುಂಗಭದ್ರೆಯ ದಂಡೆ. ಹೊಳೆ ಪಕ್ಕದ ಊರಿನವರಿಗೆ ನೀರಿನ ಭಯ ಅಂದ್ರೆ ಹೊಳೆಯ ಭಯ. 2009ರಲ್ಲಿ ಸಿರುಗುಪ್ಪ ತಾಲ್ಲೂಕಿನ ಎಷ್ಟೋ ಊರುಗಳಿಗೆ ನೀರು ನುಗ್ಗಿದಾಗ ನಾನು ಹೈಸ್ಕೂಲು. ಆ ಚಿತ್ರಗಳು ಇನ್ನೂ ಕಣ್ಣಲ್ಲಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಯಾರೂ ಮಲಗಲಿಲ್ಲ. ಅವ್ವ ಆಸ್ತಿ ಪತ್ರ, ಬಂಗಾರ ಎಲ್ಲಾ ಒಂದು ಚೀಲಕ್ಕೆ ಹಾಕಿ ಮಾಡಿನ ಮೇಲಿಟ್ಟಿದ್ದಳು. ಹೊಳೆ ನಮ್ಮನೆಗೆ ಏನೂ ಮಾಡಲಿಲ್ಲ. ಒಂದು ತಿಂಗಳು ಕಳೆದ ಮೇಲೆ, ನಮ್ಮದೇ ಅಂಗಳದಲ್ಲಿ ನಿಂತ ಪಾದ ಮುಳುಗುವಷ್ಟು ನೀರು ಗೋಡೆ ಬೀಳಿಸಿತು.

ಹಳೇ ಮನೆ ಇರುವ, ಊರಿಂದ ದೂರ ಕೆಲಸ ಮಾಡುವ ನನ್ನಂಥವರು ಈ ಅಂಕಣ ಓದುವವರಲ್ಲಿ ಬಹಳ ಜನ ಇರ್ತೀರಿ. ಅದಕ್ಕೇ ನಾನು ಮಾಡಿದ ತಪ್ಪುಗಳ ಸಮೇತ ಬರೀತಿದ್ದೀನಿ.

ಮೊದಲ ತಪ್ಪು ನನ್ನ ದುಡ್ಡಿನದು

ನಮ್ಮದು ಮಣ್ಣಿನ ಮಾಳಿಗೆ ಮನೆ. ಕಲ್ಲಿನ ತಳಪಾಯ, ದಪ್ಪನೆಯ ಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ ಜಂತೆ, ಅದರ ಮೇಲೆ ಚೌಳು ಮಣ್ಣು. ಬಳ್ಳಾರಿ, ಅನಂತಪುರ, ಕರ್ನೂಲು ಕಡೆ ಹಳೇ ಮಾಳಿಗೆಗಳೆಲ್ಲ ಹೀಗೇ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದರೂ ಒಳಗೆ ತಂಪು.

2022ರಲ್ಲಿ ನನಗೆ ಮೊದಲ ದೊಡ್ಡ ಬೋನಸ್ ಬಂತು. "ಅಂಗಳದಾಗ ಕೆಸರು, ಅಜ್ಜಿ ಜಾರಿ ಬಿದ್ದಾಳು" ಅಂತ ಅವ್ವ ಹೇಳ್ತಿದ್ದಳು. ನಾನು ಹೀರೋ ಥರ ಇಡೀ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದೆ. ಗೋಡೆ ಬುಡ ಸವೆದಿತ್ತು, ಅದಕ್ಕೂ ಮೂರಡಿ ಎತ್ತರ ಸಿಮೆಂಟ್ ಪ್ಲಾಸ್ಟರ್ ಮೆತ್ತಿಸಿದೆ. ಫೋಟೋ ಹಾಕಿದಾಗ ಎಲ್ಲರೂ ಹಾರ್ಟ್ ಒತ್ತಿದರು.

ಇಳಿಜಾರು ಎಷ್ಟು, ಯಾವ ಕಡೆ ಅಂತ ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ. ಕಣ್ಣಿಗೆ ಸಪಾಟಾಗಿ ಕಂಡಿತು, ಸಾಕು ಅಂದ್ಕೊಂಡೆ.

ಆಮೇಲೆ ಗೊತ್ತಾದದ್ದು ಇದು. ಮಣ್ಣಿನ ಗೋಡೆ ಬುಡದಿಂದ ಸ್ವಲ್ಪ ತೇವ ಎಳೆದುಕೊಳ್ಳೋದು ಸಹಜ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಮೊದಲು ಗೋಡೆ ಬುಡದ ಮಣ್ಣು, ಸುಣ್ಣದ ಗಾರೆ ಆ ತೇವವನ್ನು ಗಾಳಿಗೆ ಬಿಡುತ್ತಿದ್ದವು. ಸಿಮೆಂಟ್ ಹಾಗೆ ಬಿಡಲ್ಲ. ಕೆಳಗೆ ಕಾಂಕ್ರೀಟು, ಪಕ್ಕಕ್ಕೆ ಪ್ಲಾಸ್ಟರು. ಹೊರಗೆ ಹೋಗಲು ದಾರಿ ಇಲ್ಲದ ತೇವ ಗೋಡೆಯೊಳಗೇ ಮೇಲೇರಿತು. ಹೊರಗಿನಿಂದ ಗೋಡೆ ಗಟ್ಟಿಮುಟ್ಟಾಗಿ ಕಾಣ್ತಿತ್ತು, ಒಳಗೆ ಎರಡು ವರ್ಷದಿಂದ ನೆನೀತಾ ಇತ್ತು.

ಎರಡನೇ ತಪ್ಪು, ಯೂಟ್ಯೂಬು

ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಳ್ಳಾರಿಯಲ್ಲಿಳಿದು, ಬಸ್ಸು ಹಿಡಿದು ಊರಿಗೆ ಹೋದೆ. ಅಜ್ಜಿಯ ಮಂಚ ಪಡಸಾಲೆಗೆ ಬಂದಿತ್ತು. ಬಿದ್ದ ಗೋಡೆಗೆ ತಾಡಪಾಲು ಕಟ್ಟಿದ್ದರು. ಅಂಗಳದಲ್ಲಿ ಇನ್ನೂ ನೀರು.

ದಾರಿಯುದ್ದಕ್ಕೂ ವಿಡಿಯೋ ನೋಡಿಕೊಂಡೇ ಬಂದಿದ್ದೆ. "ಇಂಗುಗುಂಡಿ ತೋಡಿಸೋಣ, ನೀರು ಭೂಮಿಗೇ ಹೋಗುತ್ತೆ, ಅಂತರ್ಜಲಾನೂ ಹೆಚ್ಚುತ್ತೆ" ಅಂತ ಅಪ್ಪನಿಗೆ ಭಾಷಣ ಕೊಟ್ಟೆ. ಇಬ್ಬರು ಆಳು ಹಿಡಿದು ಮೂಲೆಯಲ್ಲಿ ಕಾಂಕ್ರೀಟು ಒಡೆಸಿ, ನಾಕಡಿ ಅಗಲ, ಐದಡಿ ಆಳ ತೋಡಿಸಿ, ಕಲ್ಲು ಜಲ್ಲಿ ತುಂಬಿಸಿದೆ. ಭಾನುವಾರ ರಾತ್ರಿ ಒಂದು ಜಡಿ ಮಳೆ. ಗುಂಡಿ ತುಂಬಿತು. ಸೋಮವಾರ ತುಂಬಿಯೇ ಇತ್ತು. ಗುರುವಾರಕ್ಕೂ ತುಂಬಿತ್ತು, ಮೇಲೆ ಸೊಳ್ಳೆ ಮರಿ ಆಡ್ತಿದ್ವು.

ವಿಡಿಯೋ ಮಾಡಿದವನ ಊರಿನ ಮಣ್ಣು ಬೇರೆ, ನಮ್ಮದು ಬೇರೆ. ನಮ್ಮದು ಎರೆ ಮಣ್ಣು. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಒದ್ದೆಯಾದಾಗ ಉಬ್ಬಿ ಎಲ್ಲ ಬಿರುಕೂ ಮುಚ್ಚಿಕೊಳ್ಳುತ್ತೆ. ಒಮ್ಮೆ ಮುಚ್ಚಿತು ಅಂದ್ರೆ ನೀರು ಕೆಳಗಿಳಿಯೋದು ತೀರಾ ನಿಧಾನ. ಅದರ ಮೇಲೆ ಚೌಳು. ಸೋಡಿಯಂ ಜಾಸ್ತಿ ಇರುವ ಈ ಮಣ್ಣಿನ ಕಣಗಳು ನೀರು ಸೋಕಿದರೆ ಬಿಡಿಬಿಡಿಯಾಗಿ, ಇದ್ದ ಸಣ್ಣ ಸಂದುಗಳನ್ನೂ ಮುಚ್ಚಿಬಿಡುತ್ತವೆ. ಆ ಗುಣಕ್ಕೇ ನಮ್ಮ ಹಿರಿಯರು ಅದನ್ನು ಮಾಳಿಗೆ ಮೇಲೆ ಹಾಕಿದ್ದು. ಮಾಳಿಗೆ ತೊಳೆದ ಮಣ್ಣು ವರ್ಷಾನುಗಟ್ಟಲೆ ಅಂಗಳಕ್ಕೇ ಇಳಿದಿತ್ತು. ಮೇಲೆ ನೀರು ಒಳಗೆ ಬಿಡದ ಮಣ್ಣು, ಕೆಳಗೂ ಬಿಡುತ್ತಿರಲಿಲ್ಲ.

ಇನ್ನೊಂದು, ನಮ್ಮ ಸುತ್ತ ಎಲ್ಲಾ ಭತ್ತದ ಗದ್ದೆ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರ ಕಾಲದಿಂದ ಹರೀತಿವೆ. ಡ್ಯಾಮ್ ಆದ ಮೇಲೆ ದೊಡ್ಡ ಕಾಲುವೆಗಳೂ ಬಂದವು. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದೊಳಗಿನ ನೀರೂ ಮೇಲಕ್ಕೆ ಬಂದಿರುತ್ತೆ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಹಾಕಿದರೆ ಹೇಗೋ ಹಾಗೆ ನನ್ನ ಇಂಗುಗುಂಡಿ.

ಇಂಗುಗುಂಡಿ ಕೆಟ್ಟದ್ದಲ್ಲ. ಕೆಂಪು ಮಣ್ಣಿನ ಊರಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ ಒಮ್ಮೆ ನೆನೆಯಲು ಬಿಡಿ. ಮತ್ತೆ ತುಂಬಿ, ಮಟ್ಟಕ್ಕೆ ಕಡ್ಡಿಯಿಂದ ಗುರುತು ಹಾಕಿ ಗಡಿಯಾರ ನೋಡಿ. ನಾನು ಸಂಜೆ ಆರಕ್ಕೆ ತುಂಬಿದೆ. ಬೆಳಿಗ್ಗೆ ಆರಕ್ಕೆ ಎರಡು ಇಂಚು ಇಳಿದಿತ್ತು. ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಗುಂಡಿಗೆ ಏಳು ಸಾವಿರ ಸುರಿದ ಮೇಲೆ ಮಾಡಿದೆ.

ಮಳೆಯಲ್ಲಿ ನಿಂತು ನೋಡಿದ್ದು

ಮ್ಯಾನೇಜರ್‌ಗೆ ಹೇಳಿ ಎರಡು ವಾರ ಊರಿಂದಲೇ ಕೆಲಸ ಅಂತ ಮಾಡಿಕೊಂಡೆ. ಈ ಸಲ ಏನೂ ತೋಡೋ ಮುಂಚೆ ಲೆಕ್ಕ ಹಾಕಿದೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಳಿಗೆ 30 ಅಡಿಗೆ 40 ಅಡಿ, ಅಂಗಳ 30ಕ್ಕೆ 30. ಎರಡೂ ಸೇರಿ ಸುಮಾರು 195 ಚದರ ಮೀಟರ್. 50 ಮಿಲಿಮೀಟರ್‌ನ ಒಂದು ಜೋರು ಮಳೆಗೆ 9,750 ಲೀಟರ್. ಅದೇ ವರ್ಷ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸಾಕಾಗಿದ್ದ ನನಗೆ, ಊರಿನ ಅಂಗಳದಲ್ಲಿ ಒಂದು ಮಳೆಗೆ ಹೆಚ್ಚುಕಮ್ಮಿ ಒಂದು ಟ್ಯಾಂಕರ್ ನೀರು ನಿಂತು ಮನೆ ಬೀಳಿಸ್ತಿದೆ ಅಂತ ನೋಡಿ ನಗು ಬಂತೋ ಅಳು ಬಂತೋ ಗೊತ್ತಿಲ್ಲ.

ಮುಂದಿನ ಮಳೆಗೆ ಕೊಡೆ ಹಿಡಿದು ಅಂಗಳದಲ್ಲೇ ನಿಂತೆ. ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ನಿಮಗೂ ಇದನ್ನೇ ಹೇಳೋದು: ಮಳೆ ನಿಂತ ಮೇಲೆ ನೋಡಬೇಡಿ, ಬರುವಾಗ ನೋಡಿ. ನಿಂತ ನೀರು ಎಲ್ಲಿಂದ ಬಂತು ಅಂತ ಹೇಳಲ್ಲ. ಹರಿಯುವ ನೀರು ಹೇಳುತ್ತೆ.

ಮೂರು ವಿಷಯ ಕಂಡವು. ಒಂದು, ಮಾಳಿಗೆಯ ಎರಡು ತಗಡಿನ ದೋಣಿಗಳ ನೀರು ಸೀದಾ ಅಜ್ಜಿಯ ಕೋಣೆಯ ಗೋಡೆ ಬುಡಕ್ಕೇ ಬೀಳ್ತಿತ್ತು. ದೋಣಿಯ ಮೂತಿ ತುಕ್ಕು ಹಿಡಿದು ಮುರಿದು ಗಿಡ್ಡ ಆಗಿತ್ತು. ಎರಡು, ಮುಂದಿನ ಓಣಿಯ ರಸ್ತೆ ನೀರು ನಮ್ಮ ಬಾಗಿಲಿಂದ ಒಳಗೇ ಬರ್ತಿತ್ತು. ಮೂರು, ಬಂದ ನೀರೆಲ್ಲ ಅಂಗಳ ದಾಟಿ ಪೂರ್ವದ ಗೋಡೆಗೆ ಹೋಗಿ, ಅಲ್ಲಿ ದಾರಿ ಇಲ್ಲದೆ ಹಿಂದಕ್ಕೆ ತುಂಬಿಕೊಳ್ತಿತ್ತು.

ಗೌಂಡಿ ಮಾಮ ಬಂದ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವ ಹಳೇ ಪದ್ಧತಿ. ಒಂದು ತುದಿ ಅವನ ಕೈಲಿ, ಒಂದು ತುದಿ ನನ್ನ ಕೈಲಿ. ನನ್ನ ಲ್ಯಾಪ್‌ಟಾಪಿಗಿಂತ ಆ ಐವತ್ತು ಅಡಿ ಪೈಪು ಅವತ್ತು ಹೆಚ್ಚು ಕೆಲಸ ಮಾಡಿತು. ಮುಂದಿನ ರಸ್ತೆ ನಮ್ಮ ಅಂಗಳಕ್ಕಿಂತ ಏಳು ಇಂಚು ಮೇಲಿತ್ತು. ವರ್ಷಗಳಲ್ಲಿ ಒಂದರ ಮೇಲೊಂದು ಪದರ ಬಿದ್ದು ರಸ್ತೆ ಎದ್ದಿದೆ, ಹಳೇ ಮನೆ ಇದ್ದಲ್ಲೇ ಇದೆ. ಅದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಕೆಸರಿಲ್ಲದ ರಸ್ತೆ ನಮಗೂ ಬೇಕಿತ್ತು. ಆದರೆ ನೀರು ಮುಂದಕ್ಕೆ ಹೋಗೋ ಮಾತೇ ಇಲ್ಲ. ಉತ್ತರಕ್ಕೆ ದನದ ಕೊಟ್ಟಿಗೆ, ಎತ್ತರ. ದಕ್ಷಿಣಕ್ಕೆ ನಮ್ಮ ಮನೆಯೇ.

"ಒಂದಾ ದಾರಿ ಐತಿ ತಮ್ಮಾ" ಅಂತ ಗೌಂಡಿ ಮಾಮ ಪೂರ್ವದ ಗೋಡೆ ತೋರಿಸಿದ. ಆಮೇಲೆ ಅಪ್ಪನ ಮುಖ ನೋಡಿ ಸುಮ್ಮನಾದ.

ಆ ಗೋಡೆಯಾಚೆ ದೊಡ್ಡಪ್ಪನ ಮನೆ.

ಗೋಡೆ

ಅದು ಮೊದಲು ಒಂದೇ ಮನೆ, ಒಂದೇ ಅಂಗಳ. 2010ರಲ್ಲಿ ಪಾಲಾಯಿತು. ಹೊಲದ ವಿಷಯಕ್ಕೆ ಮಾತು ಬೆಳೆದು, ಅಂಗಳದ ನಡುವೆ ಇಟ್ಟಿಗೆ ಗೋಡೆ ಎದ್ದಿತು. ನನಗಾಗ ಹದಿನಾರು. ಗೋಡೆ ಕಟ್ಟುವ ದಿನ ಅಜ್ಜಿ ಊಟ ಮಾಡಿರಲಿಲ್ಲ, ಅದು ನೆನಪಿದೆ. ಅಲ್ಲಿಂದ ಹದಿನಾಲ್ಕು ವರ್ಷ ಅಪ್ಪ, ದೊಡ್ಡಪ್ಪ ಮಾತಾಡಿಲ್ಲ. ಮದುವೆ, ಸಾವು ಎರಡಕ್ಕೂ ಬರ್ತಾರೆ, ಬೇರೆ ಬೇರೆ ಮೂಲೆಯಲ್ಲಿ ಕೂರ್ತಾರೆ. ನಾವು ಮಕ್ಕಳು ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ ಅಣ್ಣ ತಮ್ಮಂದಿರು.

ಅಜ್ಜಿಯ ಹತ್ತಿರ ಕೂತೆ. "ಮೊದ್ಲು ನೀರು ಎಲ್ಲಿಗೆ ಹೋಗ್ತಿತ್ತು ಅಜ್ಜಿ?"

"ಮೋರಿಗೆ" ಅಂದಳು, ಇಷ್ಟು ಸಣ್ಣ ವಿಷಯ ಗೊತ್ತಿಲ್ಲವಾ ಅನ್ನೋ ಹಾಗೆ. "ಬಂಡಿ ಹಾಸಿದ್ದ ಮೋರಿ. ಆಕಡೆ ಹಿತ್ತಲದಾಗಿಂದ ಹಿಂದ್ಲ ಓಣಿಗೆ ಹೋಗ್ತಿತ್ತು. ಗ್ವಾಡಿ ಕಟ್ಟೋ ದಿನ ಅಂದೆ ನಾನು, ನೀರಿಗೆ ಬಾಯಿ ಬಿಡ್ರಲೇ ಅಂತ. ಯಾರು ಕೇಳ್ತಾರ? ಸಿಟ್ಟಿನಾಗ ಇದ್ರು."

ಮೊದಮೊದಲು ಮಣ್ಣಿನ ಅಂಗಳ ಸ್ವಲ್ಪ ನೀರು ಹಿಡೀತಿತ್ತು, ಬಿಸಿಲಿಗೆ ಆರ್ತಿತ್ತು. ಹಾಗಾಗಿ ಹನ್ನೆರಡು ವರ್ಷ ಹೇಗೋ ನಡೆದಿತ್ತು. ನನ್ನ ಕಾಂಕ್ರೀಟು ಬಂದು ಅದನ್ನೂ ಮುಗಿಸಿತು.

ನಾನು ಓದಿದವನಲ್ಲವಾ, ಕಾನೂನು ಹುಡುಕಿದೆ. 1882ರ ಈಸ್‌ಮೆಂಟ್ಸ್ ಕಾಯ್ದೆ ಇದೆ. ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯಲು ಕೆಳಗಿನವರು ಬಿಡಬೇಕು ಅನ್ನೋ ಹಕ್ಕನ್ನು ಅದರ 7ನೇ ಸೆಕ್ಷನ್ ಉದಾಹರಣೆಯಾಗಿ ಹೇಳುತ್ತೆ. ಗೆದ್ದೆ ಅಂತ ಸ್ಕ್ರೀನ್‌ಶಾಟ್ ತೆಗೆದೆ. ಇನ್ನೊಮ್ಮೆ ಓದಿದಾಗ "ಸಹಜವಾಗಿ" ಅನ್ನೋ ಪದ ಚುಚ್ಚಿತು. ಮಾಳಿಗೆ ನೀರನ್ನೆಲ್ಲ ಒಟ್ಟು ಮಾಡಿ, ಕಾಂಕ್ರೀಟು ಹಾಸಿ, ಒಂದೇ ಕಡೆ ನುಗ್ಗಿಸೋದರಲ್ಲಿ ಸಹಜ ಏನಿದೆ? ಸ್ಕ್ರೀನ್‌ಶಾಟ್ ಡಿಲೀಟ್ ಮಾಡಿದೆ. ಕಾಯ್ದೆ ಹಿಡಿದು ಹೋದರೆ ಪೈಪು ಬರಬಹುದೇನೋ, ಅದನ್ನು ವರ್ಷಾ ವರ್ಷಾ ಕ್ಲೀನ್ ಮಾಡಲು ಆಚೆ ಕಡೆ ಬಾಗಿಲು ತೆಗೆಯೋರು ಯಾರು?

ಒಂದು ಸಂಜೆ ಒಬ್ಬನೇ ಹೋದೆ. ದೊಡ್ಡಮ್ಮ ಬಾಗಿಲು ತೆಗೆದು, "ಬಾರಪ, ಎಷ್ಟು ಸೊರಗಿ" ಅಂತ ಒಳಗೆ ಕರೆದರು. ದೊಡ್ಡಪ್ಪ ಕುರ್ಚಿಯಲ್ಲಿ ಕೂತಿದ್ದರು. ಚಾ ಮುಗಿಯೋವರೆಗೂ ಅವರು ಬೆಂಗಳೂರಿನ ಮಳೆ ಬಗ್ಗೆ ಕೇಳಿದರು, ನಾನು ಭತ್ತದ ರೇಟು ಕೇಳಿದೆ.

ಕೊನೆಗೆ ನಾನೇ ಅಂದೆ. "ದೊಡ್ಡಪ್ಪ, ಅಜ್ಜಿ ಕೋಣೆ ಗೋಡೆ ಬಿತ್ತು."

"ಗೊತ್ತೈತಿ."

"ನೀರಿಗೆ ದಾರಿ ಬೇಕು. ನಿಮ್ಮ ಕಡೆಯಿಂದ ಬಿಟ್ರೆ ಬೇರೆ ದಾರಿ ಇಲ್ಲ."

ಅವರು ಎದ್ದು ಒಳಗೆ ಕರೆದುಕೊಂಡು ಹೋದರು. ಅವರ ಅಡುಗೆಮನೆಯ ಗೋಡೆ, ನಮ್ಮ ಅಂಗಳಕ್ಕೆ ಅಂಟಿಕೊಂಡದ್ದು, ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಬಿಟ್ಟು ಉದುರ್ತಿತ್ತು. "ನಿಮ್ಮ ಸಿಮಿಟಿ ಅಂಗಳ ಆದಾಗಿಂದ ಹಿಂಗ ಐತಿ. ಯಾರಿಗೆ ಹೇಳ್ಲಿ ನಾನು?"

ಎರಡು ವರ್ಷ ನಮ್ಮ ನೀರು ಅವರ ಗೋಡೆಯನ್ನೂ ತಿಂದಿತ್ತು. ಕೇಳಲು ಅವರಿಗೆ ಬಾಯಿ ಇರಲಿಲ್ಲ, ಹೇಳಿಸಿಕೊಳ್ಳಲು ನಮಗೆ ಕಿವಿ ಇರಲಿಲ್ಲ. "ತಪ್ಪು ನಂದು ದೊಡ್ಡಪ್ಪ. ಅಪ್ಪಂದಲ್ಲ. ಅದನ್ನ ಹಾಕಿಸಿದ್ದು ನಾನು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ಮಾತು ಹೇಳಿದರು. ಬಚ್ಚಲ ನೀರು ಒಂದು ಹನಿ ಬರಬಾರದು, ಮಳೆ ನೀರು ಮಾತ್ರ. ಪೈಪು ನೆಲದೊಳಗೆ ಇರಬೇಕು, ತೆರೆದ ಮೋರಿ ಬೇಡ, ಮೊಮ್ಮಗು ಆಡುತ್ತೆ. ಕಟ್ಟಿಕೊಂಡರೆ ನಾವೇ ತೆಗೆಸಬೇಕು. ಮೂರೂ ನ್ಯಾಯವಾದ ಮಾತೇ. ನಾನು ಒಂದು ಸೇರಿಸಿದೆ: ಪೈಪು ದೊಡ್ಡದು ಹಾಕ್ತೀವಿ, ನಿಮ್ಮ ಮಾಳಿಗೆ ನೀರನ್ನೂ ಅದಕ್ಕೇ ಬಿಡಿ.

ಅಪ್ಪನಿಗೆ ಹೇಳಿದಾಗ "ನೀ ಯಾಕ ಹೋಗಿದ್ದಿ?" ಅಂತ ಬೈದ. ಅರ್ಧ ಗಂಟೆ ಆದ ಮೇಲೆ "ಎಷ್ಟು ಇಂಚಿನ ಪೈಪು ಅಂದಿ?" ಅಂತ ಕೇಳಿದ.

ಕೆಲಸ ನಡೆದ ಬಗೆ

ದೀಪಾವಳಿ ಕಳೆದು, ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಕೆಲಸ ಹಿಡಿದೆವು. ನಿಮಗೆ ಉಪಯೋಗ ಆಗಲಿ ಅಂತ ಮಾಡಿದ ಕ್ರಮದಲ್ಲೇ ಬರೀತೀನಿ.

ಮೊದಲು ಮಾಳಿಗೆ. ದೋಣಿಗಳನ್ನು ಬದಲಿಸಿ, ನೀರನ್ನು ಪೈಪಿನಲ್ಲಿ ಇಳಿಸಿ, ಗೋಡೆಯಿಂದ ದೂರಕ್ಕೆ ಒಯ್ದೆವು. ಅಂಗಳದ ಅರ್ಧ ಸಮಸ್ಯೆ ಮೇಲಿಂದ ಬರುತ್ತೆ. ಇಷ್ಟೇ ಮಾಡಿದ್ದರೂ ಗೋಡೆ ಉಳೀತಿತ್ತೋ ಏನೋ.

ಎರಡನೆಯದು ಬಾಗಿಲು. ಹೊಸ್ತಿಲ ಹೊರಗೆ ಒಂಬತ್ತು ಇಂಚಿನ ಕಲ್ಲಿನ ಕಟ್ಟೆ ಕಟ್ಟಿ, ರಸ್ತೆ ನೀರು ಒಳಗೆ ಬರದ ಹಾಗೆ ಮಾಡಿದೆವು. ಅಜ್ಜಿಗೆ ಹತ್ತಿ ಇಳಿಯಲು ಒಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ.

ಮೂರನೆಯದು, ಗೋಡೆ ಬುಡದ ಮೂರಡಿ ಕಾಂಕ್ರೀಟು ಒಡೆದು ತೆಗೆದೆವು. ಸಿಮೆಂಟ್ ಪ್ಲಾಸ್ಟರ್ ಕೆತ್ತಿ ಹಾಕಿ, ಗೋಡೆಯನ್ನು ಒಂದು ತಿಂಗಳು ಬರೀ ಗಾಳಿಗೆ ಬಿಟ್ಟೆವು. ಆಮೇಲೆ ಬಿದ್ದ ಭಾಗವನ್ನು ಮಣ್ಣಲ್ಲೇ ಕಟ್ಟಿ, ಸುಣ್ಣದ ಗಾರೆ ಬಳಿದೆವು. ಬುಡದ ಮಣ್ಣನ್ನು ಗೋಡೆ ಕಡೆ ಎತ್ತರ, ಅಂಗಳದ ಕಡೆ ತಗ್ಗು ಬರುವ ಹಾಗೆ ದಮ್ಮಸು ಮಾಡಿದೆವು.

ಕಾಂಕ್ರೀಟು ಒಡೆಯುವಾಗ ಒಂದು ಜಾಗದಲ್ಲಿ ಹಾರೆ ಟೊಳ್ಳು ಸದ್ದು ಮಾಡಿತು. ಗೌಂಡಿ ಮಾಮ ಎಲ್ಲರನ್ನೂ ಹಿಂದಕ್ಕೆ ಸರಿಸಿದ. ಕೆಳಗೆ ಹಗೇವು! ಜೋಳ ತುಂಬಿಡುತ್ತಿದ್ದ ನೆಲಮಾಳಿಗೆಯ ಹಳೇ ಕಣಜ. ಯಾವಾಗಲೋ ಬಾಯಿ ಮುಚ್ಚಿ ಮರೆತಿದ್ದರು. ಅದರಲ್ಲಿ ಎದೆಮಟ್ಟ ಕಪ್ಪು ನೀರು. ಅಜ್ಜಿಯ ಗೋಡೆಗೆ ನಾಕಡಿ ದೂರ. ಮಳೆ ನಿಂತ ಮೇಲೂ ಗೋಡೆ ಯಾಕೆ ಒಣಗ್ತಿರಲಿಲ್ಲ ಅಂತ ಅವತ್ತು ಗೊತ್ತಾಯ್ತು. ನಮ್ಮ ಕಡೆ ಹಳೇ ಮನೆ ಇದ್ದವರು ಇದೊಂದು ನೆನಪಿಡಿ: ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತೆ, ಯಾರನ್ನೂ ಇಳಿಸಬೇಡಿ. ನಾವು ಮೇಲಿನಿಂದಲೇ ಮೋಟರು ಹಾಕಿ ನೀರೆತ್ತಿ, ಗರಸು ಸುರಿದು, ಪದರ ಪದರವಾಗಿ ಮೇಲಿನಿಂದಲೇ ಬಡಿದು ತುಂಬಿಸಿದೆವು.

ನಾಲ್ಕನೆಯದು, ಗೋಡೆಯಿಂದ ಮೂರಡಿ ಬಿಟ್ಟು ಒಂದು ಕಾಲುವೆ. ಹಳೇ ಗೋಡೆಯ ಬುಡಕ್ಕೇ ತೋಡಬೇಡಿ, ತಳಪಾಯ ಸಡಿಲ ಆಗುತ್ತೆ. ಒಂದೂವರೆ ಅಡಿ ಆಳ, ಕೆಳಗೆ ತೂತಿನ ಪೈಪು, ಸುತ್ತ ನೀರು ಸೋಸುವ ಬಟ್ಟೆ, ಮೇಲೆ ಜಲ್ಲಿ. ಇದಕ್ಕೆ ಫ್ರೆಂಚ್ ಡ್ರೈನ್ ಅಂತಾರೆ. ಫ್ರಾನ್ಸಿಗೆ ಸಂಬಂಧ ಇಲ್ಲ. 1859ರಲ್ಲಿ ಹೊಲದ ಬಸಿಗಾಲುವೆ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಹೆಸರು ಅದು. ನಮಗೆ ದೂರದ ವಿದ್ಯೆಯೂ ಅಲ್ಲ. ಹೊಳೆಯಾಚೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಚೌಳು ಗದ್ದೆಗಳ ಕೆಳಗೆ ಇಂಥದೇ ಪೈಪು ಹಾಕಿ ಉಪ್ಪು ನೀರು ಬಸಿಯುವ ಕೆಲಸ ಮಾಡಿದ್ದಾರೆ.

ಕೊನೆಗೆ ಹೊರದಾರಿ. ಉಳಿದ ಕಾಂಕ್ರೀಟಿಗೆ ಹತ್ತಡಿಗೆ ಒಂದೂಕಾಲು ಇಂಚಿನ ಇಳಿಜಾರು ಕೊಟ್ಟು, ನೀರನ್ನು ಮೂಲೆಯ ಒಂದು ಹೂಳುಗುಂಡಿಗೆ ಬಿಟ್ಟೆವು. ಎರಡಡಿ ಚೌಕದ ತೊಟ್ಟಿ. ಕಸ, ಮಣ್ಣು ಕೆಳಗೆ ಕೂರುತ್ತೆ, ತಿಳಿನೀರು ಮುಂದೆ ಹೋಗುತ್ತೆ. 50 ಮಿಲಿಮೀಟರ್ ಮಳೆ ಒಂದೇ ಗಂಟೆಯಲ್ಲಿ ಬಿದ್ದರೆ ಸೆಕೆಂಡಿಗೆ ಮೂರು ಲೀಟರ್ ಹತ್ತಿರ ನೀರು. ನಾಕು ಇಂಚಿನ ಪೈಪು ಕಷ್ಟಪಟ್ಟು ಒಯ್ಯಬಹುದಿತ್ತು. ಎರಡು ಮನೆಯ ನೀರು ಅಂತ ಆರು ಇಂಚಿಂದು ತಂದೆವು.

ಗೋಡೆಯ ಬುಡ ಬಗೆದಾಗ ಅಜ್ಜಿ ಹೇಳಿದ್ದ ಬಂಡೆ ಮೋರಿ ಅಲ್ಲೇ ಇತ್ತು. ಗೋಡೆಯ ಕೆಳಗೆ ಹಾದು ಆಚೆಗೆ ಹೋಗಿತ್ತು, ಬಾಯಿಗೆ ಮಾತ್ರ ಇಟ್ಟಿಗೆ ಚೂರು, ಗಾರೆ ತುಂಬಿತ್ತು. ನಮ್ಮ ಹೊಸ ಪೈಪಿಗೆ ಅದೇ ದಾರಿ.

ಪೈಪು ಕೂಡಿಸಿದ ಸಂಜೆ ಪರೀಕ್ಷೆ ಮಾಡಬೇಕಿತ್ತು. ನಾನು ಹಿಂದಿನ ಓಣಿಯಲ್ಲಿ ಚರಂಡಿ ಹತ್ತಿರ ನಿಂತಿದ್ದೆ. ದೊಡ್ಡಪ್ಪ ಅವರ ಹಿತ್ತಲಲ್ಲಿ, ಪೈಪಿನ ಮುಚ್ಚಳ ತೆಗೆದು ಬಗ್ಗಿ ನೋಡ್ತಿದ್ದರು. ಅಪ್ಪ ನಮ್ಮ ಅಂಗಳದಲ್ಲಿ ಬಕೆಟು ಹಿಡಿದಿದ್ದ. ಯಾರು ಯಾರಿಗೆ ಹೇಳೋದು? ನನ್ನ ಫೋನು ಒಳಗೆ ಚಾರ್ಜಿಗೆ ಇಟ್ಟಿದ್ದೆ.

ಒಂದು ಬಕೆಟು ಸುರಿದ ಸದ್ದು. ಗೋಡೆಯಾಚೆಯಿಂದ ಅಪ್ಪನ ದನಿ, ಸ್ವಲ್ಪ ಒರಟಾಗಿ:

"ಬಂತಾ?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ.

"ಬಂತು. ಇನ್ನೊಂದು ಹಾಕು" ಅಂದರು ದೊಡ್ಡಪ್ಪ.

ಹದಿನಾಲ್ಕು ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತು ಅಷ್ಟೇ. ಅವತ್ತು ಎಂಟು ಬಕೆಟು ಸುರಿದರು. ಮೂರೇ ಸಾಕಿತ್ತು.

ಈಗ

ಒಟ್ಟು ಖರ್ಚು ಅರವತ್ತೆರಡು ಸಾವಿರ. ನನ್ನ ಇಂಗುಗುಂಡಿಯ ಏಳು ಸಾವಿರ ಬೇರೆ. ಮನೆ ಕೆಡವಿ ಕಟ್ಟಿಸಿದ್ದರೆ ಎಷ್ಟು ಲಕ್ಷ ಅಂತ ನೀವೇ ಲೆಕ್ಕ ಹಾಕಿ.

2025ರಲ್ಲಿ ಮುಂಗಾರು ಬೇಗ ಬಂತು, ಮೇ ತಿಂಗಳಲ್ಲೇ ಮಳೆ ಹಿಡೀತು. ಅಪ್ಪ ವಿಡಿಯೋ ಕಾಲ್ ಮಾಡಿ ಅಂಗಳ ತೋರಿಸಿದ. ಮಳೆ ನಿಂತು ಇಪ್ಪತ್ತು ನಿಮಿಷಕ್ಕೆ ನೆಲ ಕಾಣ್ತಿತ್ತು. ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಕೊಟ್ಟಿಗೆ ಕಡೆ ಒಂದು ಮೂಲೆಯಲ್ಲಿ ಇನ್ನೂ ನೀರು ನಿಲ್ಲುತ್ತೆ. ಹಗೇವು ತುಂಬಿದ ಜಾಗ ಒಂದಿಂಚು ಕುಸಿದಿದೆ, ಮತ್ತೆ ಗರಸು ಹಾಕಬೇಕು. ದೊಡ್ಡಪ್ಪನ ಅಡುಗೆಮನೆ ಗೋಡೆ ಒಣಗಲು ಇನ್ನೊಂದು ಬೇಸಿಗೆ ಬೇಕು. ಹೊಲದ ಜಗಳ ಹಾಗೇ ಇದೆ.

ಆದರೆ ಹೂಳುಗುಂಡಿಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಳೀಬೇಕು. ಬಳಿದ ಮೇಲೆ ಪೈಪಿಗೆ ಒಂದೆರಡು ಬಕೆಟು ನೀರು ಹಾಕಿ ಆಚೆ ಬಂತಾ ಅಂತ ನೋಡಬೇಕು. ಅದನ್ನು ಒಬ್ಬರೇ ಮಾಡಲು ಆಗಲ್ಲ. ಆ ಕಡೆ ಒಬ್ಬರು ನಿಂತಿರಲೇಬೇಕು.

ಅಜ್ಜಿ ಮತ್ತೆ ತನ್ನ ಕೋಣೆಯಲ್ಲೇ ಮಲಗ್ತಾಳೆ. ಮಂಚವನ್ನು ಮಾತ್ರ ಗೋಡೆಯಿಂದ ಎರಡಡಿ ಈಚೆಗೆ ಎಳೆದಿದ್ದೀವಿ.